ಕರೆದರೆ ‘ಓ’ ಅನ್ನದ ರೋಬೋಟ್: ವೈಫೈ ಮೂಲಕ ಪ್ರೋಗ್ರಾಂ ಹೋಗದಿದ್ದಾಗ ದೋಷ ಹುಡುಕುವ ಬಗೆ

ಎರಡು ಚಕ್ರ, ಮುಂದೊಂದು ಉರುಳು ಗಾಲಿ, ಮೇಲೆ ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್, ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಮೋಟಾರ್ ಡ್ರೈವರ್, ಎರಡು 18650 ಲಿಥಿಯಂ ಸೆಲ್. ಶಾಲೆಯ ಲ್ಯಾಬ್‌ನಲ್ಲೂ ಮನೆಯಲ್ಲೂ ಮಕ್ಕಳು ಕಟ್ಟುವ ರೋಬೋಟ್ ಹೆಚ್ಚಾಗಿ ಹೀಗೇ ಇರುತ್ತದೆ. ಪ್ರತಿ ಸಣ್ಣ ಬದಲಾವಣೆಗೂ ಯುಎಸ್‌ಬಿ ಕೇಬಲ್ ಚುಚ್ಚಿ ತೆಗೆಯುವುದು ಬೇಸರದ ಕೆಲಸ. ಎಳೆದಾಡಿ ಎಳೆದಾಡಿ ಬೋರ್ಡಿನ ಸಾಕೆಟ್ಟೇ ಕಿತ್ತು ಬಂದದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ವೈಫೈ ಮೂಲಕ ಪ್ರೋಗ್ರಾಂ ಕಳಿಸುವ ಒಟಿಎ ವಿಧಾನ ನನಗೆ ಇಷ್ಟ. ಆದರೆ ಅದು ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು ಅಂತಲೇ ತೋಚುವುದಿಲ್ಲ. ರೂಟರ್ ಆರಿಸಿ ಹಾಕುತ್ತೇವೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತೇವೆ, ಅರ್ಧ ದಿನ ಹೋಗಿಬಿಡುತ್ತದೆ.

ಹುಡುಕಲು ಹೊರಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಯುಎಸ್‌ಬಿಯಲ್ಲಿ ಪ್ರೋಗ್ರಾಂ ಹಾಕುವಾಗ ಅದನ್ನು ಬರಮಾಡಿಕೊಳ್ಳುವುದು ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಬರೆದಿಟ್ಟ ಬೂಟ್‌ಲೋಡರ್. ನಿಮ್ಮ ಪ್ರೋಗ್ರಾಂ ಎಷ್ಟೇ ಕೆಟ್ಟಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ವೈಫೈಯಲ್ಲಿ ಹಾಗಲ್ಲ. ರೋಬೋಟಿನಲ್ಲಿ ಈಗ ಓಡುತ್ತಿರುವ ಪ್ರೋಗ್ರಾಂ ತಾನೇ ಎದ್ದು ಬಂದು ಬಾಗಿಲು ತೆಗೆಯಬೇಕು. ಹೊಸದನ್ನು ಒಳಗೆ ಕರೆಯಬೇಕು. ಕಂಪ್ಯೂಟರ್ ಕರೆದಾಗ ಅದು ‘ಓ’ ಅನ್ನದಿದ್ದರೆ ರೂಟರ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಕೆಳಗೆ ಬರುವ ದೋಷಗಳಲ್ಲಿ ಅರ್ಧದಷ್ಟು ಇದೇ ಒಂದು ಮಾತಿನಿಂದ ಹುಟ್ಟಿದವು.

ಇಲ್ಲಿ ಹೇಳುವುದೆಲ್ಲ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ಬೋರ್ಡಿಗೆ ಕಳಿಸುವ ಆರ್ಡುಯಿನೋ ಐಡಿಇಯಿಂದ ‘ಆರ್ಡುಯಿನೋ ಒಟಿಎ’ ಲೈಬ್ರರಿ ಬಳಸುವವರಿಗೆ.

ಕೈ ಹಾಕುವ ಮೊದಲು

ರೋಬೋಟನ್ನು ಒಂದು ಡಬ್ಬಿಯ ಮೇಲಿಡಿ. ಚಕ್ರಗಳು ಗಾಳಿಯಲ್ಲಿ ತಿರುಗುವಂತಿರಲಿ. ಅಪ್‌ಲೋಡ್ ಮುಗಿದ ಕೂಡಲೇ ಬೋರ್ಡ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಹೊಸ ಪ್ರೋಗ್ರಾಂ ತಕ್ಷಣ ಮೋಟಾರ್ ಓಡಿಸಬಹುದು. ಮೇಜಿನ ಅಂಚಿನಲ್ಲಿದ್ದರೆ ಕೆಳಗೆ ಬೀಳುವುದು ಖಂಡಿತ. ರೋಬೋಟ್ ಬಿದ್ದರೆ ಕಟ್ಟಿಕೊಡಬಹುದು, ಮಗುವಿನ ಕೂದಲೋ ಬೆರಳೋ ಗೇರಿಗೆ ಸಿಕ್ಕಿದರೆ ಕಷ್ಟ.

ಸೆಲ್ಲುಗಳನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ, ಉಬ್ಬಿದ್ದರೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ, ವಿಚಿತ್ರವಾದ ಸಿಹಿ ವಾಸನೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಆ ಸೆಲ್ಲನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಉರಿಯುವ ವಸ್ತುಗಳಿಂದ ದೂರ ಬಯಲಿನಲ್ಲಿಟ್ಟು ದೊಡ್ಡವರಿಗೆ ತಿಳಿಸಿ. ಇನ್ನೊಂದು ಮಾತು. ಟಿಪಿ4056 ಎಂಬ ಪುಟ್ಟ ಚಾರ್ಜರ್ ಬೋರ್ಡ್ ಒಂದು ಸೆಲ್ಲಿಗೆ ಮಾತ್ರ. ಸರಣಿಯಲ್ಲಿ ಜೋಡಿಸಿದ ಎರಡು ಸೆಲ್ಲಿಗೆ ಅದನ್ನು ಸಿಕ್ಕಿಸಬಾರದು.

ಯುಎಸ್‌ಬಿ ಕೇಬಲ್ ಹಾಕುವ ಮೊದಲು ಬ್ಯಾಟರಿ ಸ್ವಿಚ್ ಆರಿಸಿ. ಕೆಲವು ಅಗ್ಗದ ಬೋರ್ಡುಗಳಲ್ಲಿ ಎರಡು ಕಡೆಯ ಕರೆಂಟ್ ಒಂದಕ್ಕೊಂದು ನುಗ್ಗದಂತೆ ತಡೆಯುವ ಡಯೋಡ್ ಇರುವುದಿಲ್ಲ. ಆಗ ಕಂಪ್ಯೂಟರಿನ ಪೋರ್ಟಿಗೇ ಏಟು.

ಲಕ್ಷಣ: ಐಡಿಇಯ ಪೋರ್ಟ್ ಪಟ್ಟಿಯಲ್ಲಿ ರೋಬೋಟಿನ ಹೆಸರೇ ಇಲ್ಲ

ಮೊದಲ ಪ್ರಶ್ನೆ ತುಂಬ ಸರಳ. ಈ ರೋಬೋಟಿಗೆ ಒಟಿಎ ಇರುವ ಪ್ರೋಗ್ರಾಂ ಒಮ್ಮೆಯಾದರೂ ಯುಎಸ್‌ಬಿಯಲ್ಲಿ ಹೋಗಿದೆಯಾ? ಹೊಸ ಬೋರ್ಡ್ ಗಾಳಿಯಲ್ಲಿ ತಾನಾಗಿ ಪ್ರೋಗ್ರಾಂ ಹಿಡಿದುಕೊಳ್ಳುವುದಿಲ್ಲ. ಮೊದಲ ಸಲ ಕೇಬಲ್ ಬೇಕೇ ಬೇಕು.

ಹೋಗಿದ್ದರೆ ಮುಂದಿನದು: ಕಂಪ್ಯೂಟರ್ ಮತ್ತು ರೋಬೋಟ್ ಒಂದೇ ನೆಟ್‌ವರ್ಕಿನಲ್ಲಿವೆಯಾ? ಈ ಇಎಸ್‌ಪಿ32 ಚಿಪ್ಪಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. 5 ಗಿಗಾಹರ್ಟ್ಸ್ ನೆಟ್‌ವರ್ಕ್ ಅದರ ಪಾಲಿಗೆ ಇಲ್ಲವೇ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಇಲ್ಲೇ ಹೆಚ್ಚಾಗಿ ಎಡವುತ್ತಾರೆ. ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ 2.4 ಅಂತ ಆರಿಸಿ. ಐಫೋನಿನಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಮನೆಯ ರೂಟರಿನಲ್ಲಿ ಎರಡೂ ಬ್ಯಾಂಡ್ ಇದ್ದು ಕಂಪ್ಯೂಟರ್ 5ರಲ್ಲಿ, ರೋಬೋಟ್ 2.4ರಲ್ಲಿ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎರಡೂ ಒಂದೇ ರೂಟರಿನ ಮನೆಯೊಳಗೇ ಇರುತ್ತವೆ.

‘ಗೆಸ್ಟ್’ ನೆಟ್‌ವರ್ಕ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಗೋಡೆ ಹಾಕಿರುತ್ತಾರೆ. ಎರಡಕ್ಕೂ ಇಂಟರ್ನೆಟ್ ಬರುತ್ತದೆ, ಆದರೆ ಪರಸ್ಪರ ಮಾತಿಲ್ಲ. ಕಾಲೇಜು, ಹಾಸ್ಟೆಲ್‌ಗಳ ವೈಫೈಯಲ್ಲಿ ಬ್ರೌಸರ್ ತೆರೆದು ಲಾಗಿನ್ ಆಗಬೇಕಿರುತ್ತದಲ್ವಾ, ಅದೂ ಆಗದು. ರೋಬೋಟಿಗೆ ಆ ಪುಟ ತುಂಬುವುದು ಗೊತ್ತಿಲ್ಲ. ಇಂಥ ಕಡೆ ನಾನು ಒಂದು ಹಳೆಯ ರೂಟರ್ ತೆಗೆದುಕೊಂಡು ಹೋಗುತ್ತೇನೆ. ಇಂಟರ್ನೆಟ್ ಇಲ್ಲದಿದ್ದರೂ ಪರವಾಗಿಲ್ಲ, ಒಟಿಎಗೆ ಇಂಟರ್ನೆಟ್ ಬೇಕಿಲ್ಲ.

ಇಷ್ಟೂ ಸರಿ ಇದ್ದರೆ ಪಿಂಗ್ ಮಾಡಿ ನೋಡಿ, ಅಂದರೆ ‘ನೆಟ್‌ವರ್ಕಿನಲ್ಲಿ ಇದ್ದೀಯಾ’ ಅಂತ ಕಂಪ್ಯೂಟರಿನಿಂದ ಕೇಳುವ ಕಮಾಂಡ್. ರೋಬೋಟಿನ ಐಪಿ ವಿಳಾಸ ರೂಟರಿನ ಪುಟದಲ್ಲಿ ಸಿಗುತ್ತದೆ, ಇಲ್ಲವೇ ಒಮ್ಮೆ ಕೇಬಲ್ ಹಾಕಿ, ಬೋರ್ಡ್ ಕಳಿಸುವ ಸಾಲುಗಳು ಕಾಣುವ ಐಡಿಇಯ ಸೀರಿಯಲ್ ಮಾನಿಟರಿನಲ್ಲಿ ಓದಿ. ಪಿಂಗಿಗೆ ಉತ್ತರ ಬಂದರೆ ರೋಬೋಟ್ ನೆಟ್‌ವರ್ಕಿನಲ್ಲಿದೆ, ಹೆಸರು ಮಾತ್ರ ತಲುಪುತ್ತಿಲ್ಲ. ಆ ಹೆಸರು ಸಾರುವುದು ಎಂಡಿಎನ್‌ಎಸ್ ಎಂಬ ವ್ಯವಸ್ಥೆ. ಅದು ಯುಡಿಪಿ (ಸಂಪರ್ಕ ಕಟ್ಟದೆ ಸಂದೇಶ ಕಳಿಸುವ ಬಗೆ) 5353ನೇ ಪೋರ್ಟಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಐಡಿಇ ಮುಚ್ಚಿ ಮತ್ತೆ ತೆರೆದರೆ ಹಲವು ಸಲ ಹೆಸರು ಬಂದುಬಿಡುತ್ತದೆ. ಬರದಿದ್ದರೆ ಕಂಪ್ಯೂಟರಿನಲ್ಲಿ ವಿಪಿಎನ್ ಓಡುತ್ತಿದ್ದರೆ ನಿಲ್ಲಿಸಿ. ಪ್ರೋಗ್ರಾಮಿನಲ್ಲಿ ವೈಫೈ ಸ್ಲೀಪ್ ಆಫ್ ಮಾಡುವ ಸಾಲು ಸೇರಿಸಿ. ವಿದ್ಯುತ್ ಉಳಿಸಲು ಚಿಪ್ ನಡುನಡುವೆ ರೇಡಿಯೋ ಮುಚ್ಚುತ್ತದೆ, ಆಗ ಈ ಕೂಗು ಕೇಳಿಸದೆ ಹೋಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ರೋಬೋಟ್ ಕಾಣೆಯಾದರೆ ರೂಟರ್ ಹೊಸ ಐಪಿ ಕೊಟ್ಟಿರಬಹುದು. ಐಡಿಇ ಹಳೆಯ ವಿಳಾಸಕ್ಕೇ ಕರೆಯುತ್ತಾ ಕೂತಿರುತ್ತದೆ. ಪಟ್ಟಿಯಿಂದ ಪೋರ್ಟನ್ನು ಮತ್ತೊಮ್ಮೆ ಆರಿಸಿ.

ಲಕ್ಷಣ: ರೋಬೋಟ್ ಐದು ಸೆಕೆಂಡಿಗೊಮ್ಮೆ ಸುಮ್ನೆ ರೀಸ್ಟಾರ್ಟ್ ಆಗುತ್ತಿದೆ

ಇದನ್ನು ನೋಡಿ ಎಲ್ಲರೂ ಬ್ಯಾಟರಿ ಬದಲಿಸಲು ಹೊರಡುತ್ತಾರೆ. ತಡೆಯಿರಿ. ಲೈಬ್ರರಿಯ ಜೊತೆ ಬರುವ ‘ಬೇಸಿಕ್ ಒಟಿಎ’ ಉದಾಹರಣೆಯಲ್ಲೇ ವೈಫೈ ಸಿಗದಿದ್ದರೆ 5 ಸೆಕೆಂಡ್ ಕಾದು ರೀಸ್ಟಾರ್ಟ್ ಮಾಡು ಎಂಬ ಸಾಲುಗಳಿವೆ. ವೈಫೈ ಹೆಸರಿನಲ್ಲಿ ಒಂದು ಅಕ್ಷರ ದೊಡ್ಡದು ಚಿಕ್ಕದಾದರೂ ಸಾಕು, ರೋಬೋಟ್ ಹೀಗೆ ಎದ್ದು ಬಿದ್ದು ಮಾಡುತ್ತಿರುತ್ತದೆ. ಕೇಬಲ್ ಹಾಕಿ ಸೀರಿಯಲ್ ಮಾನಿಟರ್ 115200 ವೇಗದಲ್ಲಿ ತೆರೆಯಿರಿ. ‘ಕನೆಕ್ಷನ್ ಫೇಲ್ಡ್! ರೀಬೂಟಿಂಗ್’ ಅಂತ ಬಂದರೆ ದೋಷ ಹೆಚ್ಚಾಗಿ ವೈಫೈ ಹೆಸರಿನಲ್ಲೋ ಪಾಸ್‌ವರ್ಡಿನಲ್ಲೋ ಇರುತ್ತದೆ. ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ ಅಂತ ಬಂದರೆ ದೋಷ ಪವರಿನದು, ಅದಕ್ಕೆ ಕೆಳಗೆ ಬೇರೆ ವಿಭಾಗವಿದೆ.

ಒಂದು ಎಚ್ಚರ. ಐಡಿಇಯಲ್ಲಿ ನೆಟ್‌ವರ್ಕ್ ಪೋರ್ಟ್ ಆರಿಸಿದ್ದರೆ ಸೀರಿಯಲ್ ಮಾನಿಟರಿನಲ್ಲಿ ಏನೂ ಬರುವುದಿಲ್ಲ. ರೋಬೋಟ್ ಸತ್ತಿದೆ ಅಂದುಕೊಳ್ಳಬೇಡಿ. ಯುಎಸ್‌ಬಿ ಪೋರ್ಟ್ ಆರಿಸಿ ಓದಿ.

ಲಕ್ಷಣ: ಹೆಸರು ಕಾಣುತ್ತದೆ, ಅಪ್‌ಲೋಡ್ ಮಾತ್ರ ಶುರುವಾಗುವುದಿಲ್ಲ

ಇಲ್ಲಿ ಐಡಿಇಯ ಕೆಂಪು ಸಾಲನ್ನು ಅಕ್ಷರ ಬಿಡದೆ ಓದಬೇಕು. ಒಂದೇ ಥರ ಕಾಣುವ ಎರಡು ದೂರುಗಳಿವೆ, ಅವುಗಳ ಅರ್ಥ ಪೂರ್ತಿ ಬೇರೆ.

ನಡೆಯುವುದು ಹೀಗೆ. ಕಂಪ್ಯೂಟರ್ ಮೊದಲು ರೋಬೋಟಿನ 3232ನೇ ಪೋರ್ಟಿಗೆ ಯುಡಿಪಿಯಲ್ಲಿ ಒಂದು ಆಹ್ವಾನ ಕಳಿಸುತ್ತದೆ. ‘ಇಷ್ಟು ದೊಡ್ಡ ಪ್ರೋಗ್ರಾಂ ಇದೆ, ನನ್ನ ಇಂಥ ಪೋರ್ಟಿಗೆ ಬಂದು ತಗೋ’ ಅಂತ. ರೋಬೋಟ್ ‘ಓ’ ಅಂದ ಮೇಲೆ ತಾನೇ ತಿರುಗಿ ಕಂಪ್ಯೂಟರಿಗೆ ಟಿಸಿಪಿಯಲ್ಲಿ (ಸಂಪರ್ಕ ಕಟ್ಟಿಕೊಂಡು ಮಾತಾಡುವ ಬಗೆ) ಕನೆಕ್ಟ್ ಆಗುತ್ತದೆ. ಅಂದರೆ ಪ್ರೋಗ್ರಾಂ ಕೊಡಲು ಕಂಪ್ಯೂಟರ್ ರೋಬೋಟಿನ ಮನೆಗೆ ಹೋಗುವುದಿಲ್ಲ. ರೋಬೋಟೇ ಕಂಪ್ಯೂಟರಿನ ಮನೆಗೆ ಬಂದು ತೆಗೆದುಕೊಂಡು ಹೋಗುತ್ತದೆ.

‘ಸೆಂಡಿಂಗ್ ಇನ್ವಿಟೇಷನ್’ ಅಂತ ಬಂದು, ಚುಕ್ಕಿಗಳು ಸಾಲಾಗಿ ಬಿದ್ದು, ಕೊನೆಗೆ ‘ನೋ ರೆಸ್ಪಾನ್ಸ್ ಫ್ರಮ್ ದಿ ಇಎಸ್‌ಪಿ’ ಅಂದರೆ ಆಹ್ವಾನಕ್ಕೇ ಉತ್ತರ ಬರಲಿಲ್ಲ. ರೋಬೋಟ್ ನೆಟ್‌ವರ್ಕಿನಲ್ಲಿದೆ, ಪಿಂಗಿಗೂ ಉತ್ತರಿಸುತ್ತದೆ, ಆದರೆ ನಿಮ್ಮ ಪ್ರೋಗ್ರಾಂ ಬೇರೇನೋ ಕೆಲಸದಲ್ಲಿ ಮುಳುಗಿದೆ. ಪಿಂಗಿಗೆ ಉತ್ತರ ಕೊಡುವುದು ಒಳಗಿನ ವೈಫೈ ವ್ಯವಸ್ಥೆ. ಆಹ್ವಾನಕ್ಕೆ ಉತ್ತರ ಕೊಡಬೇಕಾದದ್ದು ಪ್ರೋಗ್ರಾಮಿನ ಮತ್ತೆ ಮತ್ತೆ ಓಡುವ ಭಾಗವಾದ ಲೂಪಿನಲ್ಲಿ ನೀವು ಬರೆದ ಒಟಿಎ ಹ್ಯಾಂಡಲ್ ಸಾಲು. ಆ ಸಾಲಿಗೆ ಸರದಿಯೇ ಬರದಿದ್ದರೆ ಉತ್ತರ ಎಲ್ಲಿಂದ?

ಮಕ್ಕಳ ಪ್ರೋಗ್ರಾಂಗಳಲ್ಲಿ ನಾನು ಅತಿ ಜಾಸ್ತಿ ಕಂಡದ್ದು ಇದೇ ದೋಷ. ‘ಮುಂದೆ ಹೋಗು, ಡಿಲೇ 5000, ಎಡಕ್ಕೆ ತಿರುಗು, ಡಿಲೇ 3000’ ಅಂತ ಬರೆದಿರುತ್ತಾರೆ. ಆ ಎಂಟು ಸೆಕೆಂಡೂ ರೋಬೋಟ್ ಕಿವುಡು. ‘ಗೋಡೆ ಕಾಣುವವರೆಗೆ ಮುಂದೆ ಹೋಗುತ್ತಲೇ ಇರು’ ಎಂಬ ವೈಲ್ ಲೂಪ್ ಇದ್ದರೆ ಗೋಡೆ ಸಿಗುವವರೆಗೂ ಕಿವುಡು. ಅಲ್ಟ್ರಾಸಾನಿಕ್ ಸೆನ್ಸರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಪಲ್ಸ್-ಇನ್ ಫಂಕ್ಷನ್ ಪ್ರತಿಧ್ವನಿ ಬರದಿದ್ದರೆ ತಾನಾಗಿ 1 ಸೆಕೆಂಡ್ ಕಾಯುತ್ತದೆ. ಖಾಲಿ ಕೋಣೆಯಲ್ಲಿ ರೋಬೋಟ್ ಪ್ರತಿ ಸಲ ಒಂದು ಸೆಕೆಂಡ್ ನಿಂತ ಹಾಗೆ. ಅದಕ್ಕೆ 25000 ಮೈಕ್ರೋಸೆಕೆಂಡಿನ ಮಿತಿ ಕೊಡಿ. ಶಬ್ದ 4 ಮೀಟರ್ ಹೋಗಿ ಬರಲು ಅಷ್ಟು ಸಾಕು.

ಪರಿಹಾರ: ಡಿಲೇ ಬದಲು ಮಿಲಿಸ್ ಬಳಸಿ ಸಮಯ ನೋಡಿಕೊಳ್ಳುವುದು. ಅದನ್ನು ಕಲಿಯಲು ಮಕ್ಕಳಿಗೆ ಒಂದೆರಡು ವಾರ ಬೇಕು, ನಿಜ. ಅಲ್ಲಿಯವರೆಗೆ ಉದ್ದ ಡಿಲೇಯನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ನಡುವೆ ಹ್ಯಾಂಡಲ್ ಕರೆಯುವ ಒಂದು ಪುಟ್ಟ ಫಂಕ್ಷನ್ ಬರೆದುಕೊಡಿ. ‘ಕಾಯುತ್ತಾ ಕೇಳಿಸಿಕೊ’ ಅಂತ ಅದಕ್ಕೆ ಹೆಸರಿಟ್ಟರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.

ಇನ್ನು ಎರಡನೇ ದೂರು. ‘ವೇಟಿಂಗ್ ಫಾರ್ ಡಿವೈಸ್’ ಅಂತ ಬಂದು ಆಮೇಲೆ ‘ನೋ ರೆಸ್ಪಾನ್ಸ್ ಫ್ರಮ್ ಡಿವೈಸ್’ ಅಂದರೆ ರೋಬೋಟ್ ‘ಓ’ ಅಂದಿದೆ, ಕಂಪ್ಯೂಟರಿನ ಬಾಗಿಲಿಗೂ ಬಂದಿದೆ. ಬಾಗಿಲು ಹಾಕಿದೆ. ರೋಬೋಟಿನ ಕಡೆ ಸೀರಿಯಲ್ ನೋಡಿದರೆ ‘ಕನೆಕ್ಟ್ ಫೇಲ್ಡ್’ ಅಂತ ಇರುತ್ತದೆ. ಇದು ಕಂಪ್ಯೂಟರಿನ ಫೈರ್‌ವಾಲ್. ವಿಂಡೋಸ್ ಮೊದಲ ಸಲ ‘ಇದಕ್ಕೆ ಅನುಮತಿ ಕೊಡಲೇ’ ಅಂತ ಕೇಳಿದಾಗ ಕ್ಯಾನ್ಸಲ್ ಒತ್ತಿದ್ದರೆ, ಬೇಡ ಅಂತಲೇ ಅದು ಬರೆದಿಟ್ಟುಕೊಳ್ಳುತ್ತದೆ. ಮತ್ತೆ ಕೇಳುವುದಿಲ್ಲ. ಫೈರ್‌ವಾಲ್ ಸೆಟ್ಟಿಂಗಿನಲ್ಲಿ ‘ಇಎಸ್‌ಪಿ-ಒಟಿಎ’ ಅಥವಾ ಪೈಥಾನ್ ಹೆಸರು ಹುಡುಕಿ ಪ್ರೈವೇಟ್ ನೆಟ್‌ವರ್ಕಿಗೆ ಅನುಮತಿ ಕೊಡಿ. ನಿಮ್ಮ ವೈಫೈಯನ್ನು ವಿಂಡೋಸ್ ‘ಪಬ್ಲಿಕ್’ ಅಂತ ಗುರುತಿಸಿದ್ದರೆ ‘ಪ್ರೈವೇಟ್’ ಮಾಡಿ. ಫೈರ್‌ವಾಲನ್ನು ಪೂರ್ತಿ ಆರಿಸಬೇಡಿ. ಶಾಲೆಯ ಕಂಪ್ಯೂಟರಿನಲ್ಲಿ ಈ ಬದಲಾವಣೆಗೆ ಅಲ್ಲಿನ ಕಂಪ್ಯೂಟರ್ ಜವಾಬ್ದಾರಿ ಹೊತ್ತವರನ್ನು ಕೇಳುವುದೇ ಸರಿ.

ಲಕ್ಷಣ: ‘ಆಥೆಂಟಿಕೇಷನ್ ಫೇಲ್ಡ್’

ಪಾಸ್‌ವರ್ಡ್ ತಪ್ಪು. ಆದರೆ ಹೊಸ ಪ್ರೋಗ್ರಾಮಿನಲ್ಲಿ ಬರೆದಿರುವ ಪಾಸ್‌ವರ್ಡ್ ಅಲ್ಲ, ರೋಬೋಟಿನಲ್ಲಿ ಈಗ ಇರುವ ಹಳೆಯದನ್ನು ಕೊಡಬೇಕು. ಬಾಗಿಲು ತೆಗೆಯುವುದು ಹಳೆ ಪ್ರೋಗ್ರಾಂ ತಾನೆ? ಪಾಸ್‌ವರ್ಡೇ ಇಟ್ಟಿಲ್ಲದಿದ್ದರೂ ಐಡಿಇ ಕೇಳಿದರೆ ಯಾವುದಾದರೂ ಅಕ್ಷರ ಹಾಕಿ ಮುಂದೆ ಹೋಗಿ. ಇಎಸ್‌ಪಿ32 ಬೋರ್ಡ್ ಪ್ಯಾಕೇಜ್ ಅಪ್‌ಡೇಟ್ ಮಾಡಿದ ಮೇಲೆ ಈ ದೂರು ಶುರುವಾಗಿದ್ದರೆ ಒಂದು ಸಲ ಯುಎಸ್‌ಬಿಯಲ್ಲಿ ಹಾಕಿ ನೋಡಿ.

ಲಕ್ಷಣ: ‘ಬಿಗಿನ್ ಫೇಲ್ಡ್’

ಇದು ಜಾಗದ ಪ್ರಶ್ನೆ. ಸಾಮಾನ್ಯ ಬೋರ್ಡಿನಲ್ಲಿ 4 ಎಂಬಿ ಫ್ಲ್ಯಾಶ್, ಅಂದರೆ ಪ್ರೋಗ್ರಾಂ ಉಳಿಯುವ ಮೆಮೊರಿ ಇರುತ್ತದೆ. ಒಟಿಎ ನಡೆಯಬೇಕಾದರೆ ಅದರಲ್ಲಿ ಪ್ರೋಗ್ರಾಮಿಗೆ ಎರಡು ಕೋಣೆ ಬೇಕು. ಒಂದರಲ್ಲಿ ಹಳೆಯದು ಓಡುತ್ತಿರುವಾಗ ಇನ್ನೊಂದರಲ್ಲಿ ಹೊಸದನ್ನು ಬರೆಯುತ್ತದೆ. ಪೂರ್ತಿ ಬರೆದು ಸರಿ ಇದೆ ಅಂತ ನೋಡಿದ ಮೇಲೆಯೇ ಮನೆ ಬದಲಿಸುತ್ತದೆ. ಅದಕ್ಕೇ ಅರ್ಧಕ್ಕೆ ನಿಂತ ಅಪ್‌ಲೋಡಿನಿಂದ ರೋಬೋಟ್ ಕೆಡುವುದಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಹಳೆಯದೇ ಓಡುತ್ತದೆ. ಹೆದರಬೇಡಿ.

ಕಂಪೈಲ್ ಆದ ಮೇಲೆ ಐಡಿಇ ‘ಮ್ಯಾಕ್ಸಿಮಮ್ ಇಷ್ಟು ಬೈಟ್’ ಅಂತ ಒಂದು ಸಂಖ್ಯೆ ಹೇಳುತ್ತದೆ. 1310720 ಅಂದರೆ ಮಾಮೂಲಿ ವಿಂಗಡಣೆ, ಎರಡು ಕೋಣೆ ಇವೆ. 1966080 ಅಂದರೆ ‘ಮಿನಿಮಲ್ ಸ್ಪಿಫ್ಸ್’, ಎರಡು ದೊಡ್ಡ ಕೋಣೆಗಳು. 3145728 ಅಂದರೆ ‘ಹ್ಯೂಜ್ ಆ್ಯಪ್’, ಒಂದೇ ಕೋಣೆ, ಒಟಿಎ ಸಾಧ್ಯವೇ ಇಲ್ಲ. ಬ್ಲೂಟೂತ್ ಮತ್ತು ವೈಫೈ ಎರಡನ್ನೂ ಸೇರಿಸಿ ಜಾಗ ಸಾಲದೆ ಯಾರೋ ‘ಹ್ಯೂಜ್ ಆ್ಯಪ್’ ಆರಿಸಿರುತ್ತಾರೆ. ‘ಮಿನಿಮಲ್ ಸ್ಪಿಫ್ಸ್’ ಆರಿಸಿ, ಒಮ್ಮೆ ಯುಎಸ್‌ಬಿಯಲ್ಲಿ ಅಪ್‌ಲೋಡ್ ಮಾಡಿ. ಈ ವಿಂಗಡಣೆಯನ್ನು ಒಟಿಎ ಮೂಲಕ ಬದಲಿಸಲು ಆಗದು, ಮೆನುವಿನಲ್ಲಿ ಮಾತ್ರ ಬದಲಿಸಿದರೆ ಸಾಲದು.

ಲಕ್ಷಣ: ಅಪ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ, ಒಮ್ಮೆ 20 ಶೇಕಡಾ, ಒಮ್ಮೆ 70

ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತಿದ್ದರೆ ಪ್ರೋಗ್ರಾಮಿಗಿಂತ ಮೊದಲು ಸಿಗ್ನಲ್ ಮತ್ತು ಪವರನ್ನು ಅನುಮಾನಿಸಿ.

ಸಿಗ್ನಲ್ ನೋಡುವುದು ಖರ್ಚಿಲ್ಲದ ಕೆಲಸ. ರೋಬೋಟನ್ನು ರೂಟರಿನ ಪಕ್ಕ ಇಟ್ಟು ಪ್ರಯತ್ನಿಸಿ. ಅಲ್ಲಿ ಹೋದರೆ ದೂರದ ಸಮಸ್ಯೆ. ಬೋರ್ಡಿನ ಒಂದು ತುದಿಯಲ್ಲಿ ಅಂಕುಡೊಂಕು ತಾಮ್ರದ ಗೆರೆ ಇರುತ್ತದೆ, ಅದೇ ಆಂಟೆನಾ. ಅದರ ಮೇಲೆ ಬ್ಯಾಟರಿ ಡಬ್ಬಿ ಕೂತಿದ್ದರೆ, ಲೋಹದ ಚಾಸಿಗೆ ಒತ್ತಿಕೊಂಡಿದ್ದರೆ ಸಿಗ್ನಲ್ ಬಿದ್ದುಹೋಗುತ್ತದೆ. ಆ ತುದಿ ಹೊರಗೆ ಚಾಚುವ ಹಾಗೆ ಬೋರ್ಡ್ ತಿರುಗಿಸಿ. ಪ್ರೋಗ್ರಾಮಿನಲ್ಲಿ ಸಿಗ್ನಲಿನ ಬಲ ಹೇಳುವ ಆರ್‌ಎಸ್‌ಎಸ್‌ಐ ಸಂಖ್ಯೆ ಪ್ರಿಂಟ್ ಮಾಡಿ ನೋಡಬಹುದು. ಮೈನಸ್ 50ರ ಹತ್ತಿರ ಇದ್ದರೆ ಬಹಳ ಚೆನ್ನ, ಮೈನಸ್ 80 ದಾಟಿದರೆ ನೆಚ್ಚಲಾಗದು.

ಪವರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಬ್ಯಾಟರಿ ಚೆನ್ನಾಗಿದ್ದ ಹಾಗೇ ಕಾಣುತ್ತದೆ. ವೈಫೈ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32 ಸುಮಾರು 240 ಮಿಲಿಆಂಪ್ ಎಳೆಯುತ್ತದೆ. ತಯಾರಕರು ಕನಿಷ್ಠ 500 ಮಿಲಿಆಂಪ್ ಕೊಡಬಲ್ಲ ಪವರ್ ಇರಲಿ ಅನ್ನುತ್ತಾರೆ. ನಮ್ಮ ರೋಬೋಟಿನಲ್ಲಿ 5 ವೋಲ್ಟ್ ಬರುವುದು ಎಲ್298ಎನ್ ಮಾಡ್ಯೂಲಿನ ಮೇಲಿರುವ 78ಎಂ05 ರೆಗ್ಯುಲೇಟರಿನಿಂದ. ಅದರ ಮಿತಿಯೇ 500 ಮಿಲಿಆಂಪ್. ಅದೇ 5 ವೋಲ್ಟಿಗೆ ಒಂದು ಸರ್ವೋ ಸೇರಿಸಿದ್ದರೆ ಆಗಲೇ ಮಿತಿ ಮೀರಿತು. ಇಷ್ಟೇ ಅಲ್ಲ, 5 ವೋಲ್ಟ್ ಕೊಡಲು ಅದಕ್ಕೆ ಒಳಗೆ ಹತ್ತಿರ ಹತ್ತಿರ 7 ವೋಲ್ಟ್ ಬೇಕು. ಎರಡು ಸೆಲ್ ಪೂರ್ತಿ ತುಂಬಿದಾಗ 8.4. ಪ್ರತಿ ಸೆಲ್ 3.5ಕ್ಕೆ ಇಳಿದರೆ 7. ಅಲ್ಲಿಂದ ಕೆಳಗೆ ಮೋಟಾರ್ ಚೆನ್ನಾಗೇ ತಿರುಗುತ್ತದೆ, ಎಲ್‌ಇಡಿ ಉರಿಯುತ್ತದೆ, ಅಪ್‌ಲೋಡ್ ಮಾತ್ರ ಹೋಗುವುದಿಲ್ಲ. ‘ಬ್ಯಾಟರಿ ಇದೆಯಲ್ಲ ಸಾರ್, ಓಡ್ತಾ ಇದೆಯಲ್ಲ’ ಅಂತ ಮಕ್ಕಳು ಹೇಳುವುದು ಇದಕ್ಕೇ. ಅವರು ಹೇಳುವುದು ತಪ್ಪಲ್ಲ, ಮೋಟಾರಿಗೆ ಸಾಕಾಗುವ ಬ್ಯಾಟರಿ ವೈಫೈಗೆ ಸಾಕಾಗುತ್ತಿಲ್ಲ ಅಷ್ಟೇ.

ಮಲ್ಟಿಮೀಟರಿನಲ್ಲಿ ಅಳೆಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಒಂದೆರಡು ಮಿಲಿಸೆಕೆಂಡಿನ ಕುಸಿತ ಅದರಲ್ಲಿ ಕಾಣುವುದಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ. ಡ್ರೈವರಿನಿಂದ ಬೋರ್ಡಿಗೆ ಬರುವ 5 ವೋಲ್ಟ್ ತಂತಿ ತೆಗೆಯಿರಿ. ಗ್ರೌಂಡ್ ತಂತಿ ಹಾಗೇ ಇರಲಿ. ಬೋರ್ಡಿಗೆ ಮಾತ್ರ ಒಂದು ಪವರ್ ಬ್ಯಾಂಕಿನಿಂದ ಯುಎಸ್‌ಬಿ ಮೂಲಕ ವಿದ್ಯುತ್ ಕೊಡಿ. ಈಗ ಅಪ್‌ಲೋಡ್ ಸಲೀಸಾಗಿ ಹೋದರೆ ಪವರೇ ಕಳ್ಳ. ಕೆಲವು ಪವರ್ ಬ್ಯಾಂಕುಗಳು ಕಡಿಮೆ ಕರೆಂಟ್ ಹೋಗುತ್ತಿದ್ದರೆ ಅರ್ಧ ನಿಮಿಷದಲ್ಲಿ ತಾವೇ ಆರುತ್ತವೆ, ಅದನ್ನು ದೋಷ ಅಂದುಕೊಳ್ಳಬೇಡಿ.

ಪರಿಹಾರಗಳು ಅಗ್ಗದಿಂದ ಶುರುವಾಗಲಿ. ಸೆಲ್ ಪೂರ್ತಿ ಚಾರ್ಜ್ ಮಾಡಿ. ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ, ಬೋರ್ಡಿಗೆ ಹತ್ತಿರದಲ್ಲೇ, 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಹಾಕಿ. ಗೆರೆ ಇರುವ ಕಾಲು ಗ್ರೌಂಡಿಗೆ. ತಿರುಗುಮುರುಗಾದರೆ ಅದು ಸಿಡಿಯಬಹುದು, ಮಕ್ಕಳು ಹಾಕಿದ್ದನ್ನು ದೊಡ್ಡವರು ಒಮ್ಮೆ ನೋಡಿಯೇ ಸ್ವಿಚ್ ಹಾಕಬೇಕು. ಇದೂ ಸಾಲದಿದ್ದರೆ ಬೋರ್ಡಿಗೆ ಬೇರೆಯದೇ ಒಂದು ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸಿ ಕೊಡುವ ಪುಟ್ಟ ಬೋರ್ಡ್) ಕೊಡಿ.

ಜೊತೆಗೆ ಪ್ರೋಗ್ರಾಮಿನಲ್ಲಿ ಒಟಿಎಯ ‘ಆನ್ ಸ್ಟಾರ್ಟ್’ ಭಾಗದಲ್ಲಿ ಮೋಟಾರ್ ನಿಲ್ಲಿಸುವ ಸಾಲು ಬರೆಯಲೇಬೇಕು. ಬರೆಯದಿದ್ದರೆ ಏನಾಗುತ್ತದೆ ಗೊತ್ತೇ? ಅಪ್‌ಲೋಡ್ ಶುರುವಾದ ಕ್ಷಣದಿಂದ ಲೂಪ್ ನಿಂತುಬಿಡುತ್ತದೆ, ಮೋಟಾರ್ ಕೊನೆಯ ವೇಗದಲ್ಲೇ ತಿರುಗುತ್ತಿರುತ್ತದೆ. ತಡೆಯುವವರಿಲ್ಲ. ಒಮ್ಮೆ ನನ್ನ ಕಣ್ಣೆದುರೇ ರೋಬೋಟ್ ಹೀಗೆ ನೇರವಾಗಿ ಹೋಗಿ ಮೆಟ್ಟಿಲಿನಿಂದ ಉರುಳಿತು. ಚಕ್ರದ ಸುತ್ತು ಎಣಿಸುವ ಎನ್‌ಕೋಡರಿಗೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ನುಗ್ಗುವ ಕರೆ) ಬಳಸುತ್ತಿದ್ದರೆ ಅದನ್ನೂ ಅಲ್ಲೇ ಬಿಚ್ಚಿ. ಫ್ಲ್ಯಾಶ್ ಬರೆಯುವಾಗ ನಡುವೆ ಬರುವ ಇಂಟರಪ್ಟ್ ಬೋರ್ಡನ್ನು ಕ್ರ್ಯಾಶ್ ಮಾಡಿಸಬಲ್ಲದು.

ಲಕ್ಷಣ: 100 ಶೇಕಡಾ ಆಯಿತು, ಆದರೆ ರೋಬೋಟ್ ಏಳಲಿಲ್ಲ

ಸ್ವಿಚ್ ಆರಿಸಿ ಹತ್ತು ಸೆಕೆಂಡ್ ಬಿಟ್ಟು ಹಾಕಿ. ಎದ್ದರೆ ಪವರ್ ವಿಭಾಗಕ್ಕೆ ಹಿಂತಿರುಗಿ.

ಆರಿಸಿ ಹಾಕಿದ ಮೇಲೂ ಏಳದಿದ್ದರೆ ಪಿನ್‌ಗಳನ್ನು ನೋಡಬೇಕು. ಪವರ್ ಬಂದ ಕ್ಷಣದಲ್ಲಿ ಚಿಪ್ ಕೆಲವು ಪಿನ್‌ಗಳನ್ನು ನೋಡಿ ಹೇಗೆ ಏಳಬೇಕು ಅಂತ ತೀರ್ಮಾನಿಸುತ್ತದೆ. 0ನೇ ಪಿನ್ ಗ್ರೌಂಡಿಗೆ ಎಳೆದಿದ್ದರೆ ಯುಎಸ್‌ಬಿಯಿಂದ ಪ್ರೋಗ್ರಾಂ ಬರಲಿ ಅಂತ ಕಾಯುತ್ತಾ ಕೂರುತ್ತದೆ. 12ನೇ ಪಿನ್ 3.3 ವೋಲ್ಟಿಗೆ ಎಳೆದಿದ್ದರೆ ಫ್ಲ್ಯಾಶಿಗೆ ತಪ್ಪು ವೋಲ್ಟೇಜ್ ಕೊಟ್ಟು ಏಳಲಾರದೆ ಒದ್ದಾಡುತ್ತದೆ. ಈ ಪಿನ್‌ಗಳಿಗೆ ಐಆರ್ ಸೆನ್ಸರ್ ಸಿಕ್ಕಿಸಿದ್ದರೆ ಕಪ್ಪು ಗೆರೆಯ ಮೇಲೆ ಇಟ್ಟಾಗ ಏಳುವುದು, ಬಿಳಿ ನೆಲದ ಮೇಲೆ ಏಳದಿರುವುದು, ಹೀಗೆ ಮಾಯದ ಹಾಗೆ ಕಾಣುತ್ತದೆ. ದೋಷ ಒಟಿಎಯದಲ್ಲ. ಅಪ್‌ಲೋಡ್ ಆದ ಮೇಲೆ ಸ್ವಿಚ್ ಆರಿಸಿ ಹಾಕಿದೆವು, ಆಗ ಬಯಲಾಯಿತು. ಸೆನ್ಸರನ್ನು ಬೇರೆ ಪಿನ್ನಿಗೆ ಬದಲಿಸಿ.

ಲಕ್ಷಣ: ಒಂದು ಸಲ ಹೋಯಿತು, ಎರಡನೇ ಸಲ ಹೋಗುತ್ತಿಲ್ಲ

ಈಗ ಕಳಿಸಿದ ಪ್ರೋಗ್ರಾಮಿನಲ್ಲಿ ಒಟಿಎ ಸಾಲುಗಳು ಇದ್ದವಾ? ಇರಲಿಲ್ಲ ಅಂದರೆ ಒಳಗೆ ಬಂದವನೇ ಬಾಗಿಲು ಹಾಕಿಕೊಂಡ. ಕೇಬಲ್ ಒಂದೇ ದಾರಿ. ಸಾಲುಗಳಿದ್ದರೂ ಪ್ರೋಗ್ರಾಂ ಶುರುವಿನಲ್ಲೇ ಕ್ರ್ಯಾಶ್ ಆಗುತ್ತಿದ್ದರೆ ಇದೇ ಗತಿ.

ಇದಕ್ಕೆ ನಾನು ಎಲ್ಲ ಮಕ್ಕಳ ಪ್ರೋಗ್ರಾಮಿಗೂ ಒಂದು ಕಡ್ಡಾಯ ಭಾಗ ಸೇರಿಸುತ್ತೇನೆ. ಸ್ವಿಚ್ ಹಾಕಿದ ಮೊದಲ 15 ಸೆಕೆಂಡ್ ರೋಬೋಟ್ ಏನೂ ಮಾಡಬಾರದು. ಸೆನ್ಸರ್ ಶುರು ಮಾಡಬಾರದು, ಮೋಟಾರ್ ಮುಟ್ಟಬಾರದು. ವೈಫೈಗೆ ಸೇರಿ, ಎಲ್‌ಇಡಿ ಮಿನುಗಿಸುತ್ತಾ, ಒಟಿಎ ಕರೆಗೆ ಕಿವಿಗೊಟ್ಟು ಕೂರಬೇಕು. ಆಮೇಲೆ ಮಗುವಿನ ಪ್ರೋಗ್ರಾಂ. ಅದರಲ್ಲಿ ಎಷ್ಟೇ ಡಿಲೇ ಇರಲಿ, ಕ್ರ್ಯಾಶ್ ಇರಲಿ, ಆರಿಸಿ ಹಾಕಿದರೆ 15 ಸೆಕೆಂಡಿನ ಕಿಟಕಿ ಮತ್ತೆ ತೆರೆಯುತ್ತದೆ. ಇದನ್ನು ಸೇರಿಸಿದ ಮೇಲೆ ಕೇಬಲ್ ಹುಡುಕುವ ಸಂದರ್ಭ ನಮ್ಮಲ್ಲಿ ತೀರಾ ಕಡಿಮೆಯಾಗಿದೆ.

ಲಕ್ಷಣ: ಪ್ರೋಗ್ರಾಂ ಹೋಯಿತು, ಆದರೆ ಗೆರೆ ಹಿಡಿಯುವ ಸೆನ್ಸರ್ ಕೆಟ್ಟ ಹಾಗಿದೆ

ಒಟಿಎ ಸೇರಿಸುವ ಮೊದಲು ಚೆನ್ನಾಗಿದ್ದ ಸೆನ್ಸರ್ ಈಗ ಒಂದೇ ಸಂಖ್ಯೆ ಕೊಡುತ್ತಿದೆಯಾ? ಸೆನ್ಸರ್ ಕೆಟ್ಟಿಲ್ಲ, ಹೊಸದು ಕೊಳ್ಳಬೇಡಿ. ಇಎಸ್‌ಪಿ32ರಲ್ಲಿ ಅನಲಾಗ್ ಓದುವ ಎರಡು ಘಟಕಗಳಿವೆ. ಎರಡನೆಯದನ್ನು ವೈಫೈ ತನ್ನ ಕೆಲಸಕ್ಕೆ ಹಿಡಿದುಕೊಳ್ಳುತ್ತದೆ. 0, 2, 4, 12ರಿಂದ 15, 25ರಿಂದ 27 ಈ ಪಿನ್‌ಗಳು ಆ ಘಟಕಕ್ಕೆ ಸೇರಿದವು. ಅನಲಾಗ್ ಸೆನ್ಸರ್‌ಗಳನ್ನು 32ರಿಂದ 39ರೊಳಗಿನ, ಬೋರ್ಡಿನಲ್ಲಿ ಹೊರಗೆ ಬಂದಿರುವ ಪಿನ್‌ಗಳಿಗೆ ಬದಲಿಸಿ. ಇದು ತಿಳಿಯದೆ ಎಷ್ಟೋ ಒಳ್ಳೆಯ ಸೆನ್ಸರ್‌ಗಳು ಕಸದ ಬುಟ್ಟಿ ಸೇರಿವೆ.

ಲಕ್ಷಣ: ನನ್ನ ಪ್ರೋಗ್ರಾಂ ಪಕ್ಕದವರ ರೋಬೋಟಿಗೆ ಹೋಯಿತು

ತರಗತಿಯಲ್ಲಿ ಎಲ್ಲರೂ ಒಂದೇ ಮಾದರಿ ಪ್ರೋಗ್ರಾಂ ನಕಲು ಮಾಡಿರುತ್ತಾರೆ. ಎಲ್ಲ ರೋಬೋಟಿಗೂ ಒಂದೇ ಹೆಸರು. ಪಟ್ಟಿಯಲ್ಲಿ ಯಾವುದು ಯಾರದು ಅಂತ ತಿಳಿಯುವುದಿಲ್ಲ. ಇದು ಬರೀ ಗೊಂದಲವಲ್ಲ, ಅಪಾಯವೂ ಹೌದು. ಒಂದು ಮಗು ಚಕ್ರ ಬಿಗಿ ಮಾಡುತ್ತಿರುವಾಗ ಇನ್ನೊಂದು ಮಗುವಿನ ಪ್ರೋಗ್ರಾಂ ಬಂದು ಮೋಟಾರ್ ತಿರುಗಿಸಿಬಿಡುತ್ತದೆ. ಪ್ರತಿ ರೋಬೋಟಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಹೆಸರನ್ನು ಚೀಟಿಯಲ್ಲಿ ಬರೆದು ರೋಬೋಟಿಗೇ ಅಂಟಿಸಿ. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದಾಗ ಬ್ಯಾಟರಿ ಸ್ವಿಚ್ ಆರಿರಬೇಕು ಅಂತ ನಿಯಮ ಮಾಡಿ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಮೇಲಿನ ಯಾವುದಕ್ಕೂ ಬಗ್ಗದಿದ್ದರೆ ಬೋರ್ಡನ್ನು ರೋಬೋಟಿನಿಂದ ಪೂರ್ತಿ ಬಿಚ್ಚಿ. ಒಂದೂ ತಂತಿ ಇಲ್ಲದೆ ಯುಎಸ್‌ಬಿಗೆ ಸಿಕ್ಕಿಸಿ. ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗಿಗೆ ಮಾತ್ರ ಆಗುವ, ಡೇಟಾ ತಂತಿಯೇ ಇಲ್ಲದ ಕೇಬಲ್‌ಗಳು ಬೇಕಾದಷ್ಟಿವೆ. ಆಮೇಲೆ ಬೋರ್ಡಿನ ಯುಎಸ್‌ಬಿ ಚಿಪ್ ನೋಡಿ ಸಿಎಚ್340 ಅಥವಾ ಸಿಪಿ2102 ಡ್ರೈವರ್ ಹಾಕಿ. ಬೂಟ್ ಬಟನ್ ಒತ್ತಿ ಹಿಡಿದುಕೊಂಡು ‘ಬೇಸಿಕ್ ಒಟಿಎ’ ಉದಾಹರಣೆಯನ್ನು, ವೈಫೈ ಹೆಸರು ಮತ್ತು ಪಾಸ್‌ವರ್ಡ್ ಮಾತ್ರ ಬದಲಿಸಿ, ಅಪ್‌ಲೋಡ್ ಮಾಡಿ. ಬರೀ ಬೋರ್ಡಿಗೆ ಒಟಿಎ ಹೋಗುತ್ತದೆ ಅಂದರೆ ದೋಷ ರೋಬೋಟಿನ ತಂತಿಗಳಲ್ಲಿ ಅಥವಾ ಪವರಿನಲ್ಲಿದೆ. ಒಂದೊಂದೇ ತಂತಿ ಮತ್ತೆ ಸೇರಿಸುತ್ತಾ ಬನ್ನಿ, ಪ್ರತಿ ಸಲ ಅಪ್‌ಲೋಡ್ ಮಾಡಿ ನೋಡಿ. ಎಲ್ಲಿ ನಿಲ್ಲುತ್ತದೋ ಅಲ್ಲೇ ದೋಷ.

ಬರೀ ಬೋರ್ಡಿಗೆ ಯುಎಸ್‌ಬಿಯಲ್ಲೂ ಹೋಗದಿದ್ದರೆ, ಚಿಪ್ಪಿನ ಲೋಹದ ಮುಚ್ಚಳ ಬೆರಳಿಡಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಮತ್ತೆ ಮತ್ತೆ ಸಿಕ್ಕಿಸಬೇಡಿ. ತಕ್ಷಣ ಕೇಬಲ್ ತೆಗೆಯಿರಿ, ಆ ಕಂಪ್ಯೂಟರಿನ ಪೋರ್ಟನ್ನೂ ಉಳಿಸಿಕೊಳ್ಳಿ. ಎಲೆಕ್ಟ್ರಾನಿಕ್ಸ್ ಬಲ್ಲವರಿಗೆ ತೋರಿಸುವಾಗ ಬೋರ್ಡ್ ಮಾತ್ರ ಒಯ್ಯಬೇಡಿ. ಐಡಿಇಯ ಕೆಂಪು ಸಾಲುಗಳು, ಸೀರಿಯಲ್ ಮಾನಿಟರಿನಲ್ಲಿ ಬಂದದ್ದು, ಯಾವ ಪಿನ್ನಿಗೆ ಯಾವ ತಂತಿ ಇತ್ತು ಎಂಬುದರ ಒಂದು ಫೋಟೋ, ಈ ಮೂರನ್ನೂ ಜೊತೆಗೆ ತೆಗೆದುಕೊಂಡು ಹೋಗಿ.